ಚಾಗೋಸ್: ಕಡಲಿಗೆ ಕಾವಲು, ಕಡಲ ಮಕ್ಕಳಿಗೆ ಬಾಗಿಲು ಬಂದ್

2025ರ ಸೆಪ್ಟೆಂಬರ್ 11ರಂದು ವಾರಾಣಸಿಯಲ್ಲಿ ಪ್ರಧಾನಿ ನರೇಂದ್ರ ಮೋದಿ ಮತ್ತು ಮಾರಿಷಸ್ ಪ್ರಧಾನಿ ನವೀನಚಂದ್ರ ರಾಮಗೂಲಂ ಮಾತುಕತೆ ನಡೆಸಿದರು. ಆ ಸಂದರ್ಭದಲ್ಲಿ ಭಾರತ ಪ್ರಕಟಿಸಿದ ವಿಶೇಷ ಆರ್ಥಿಕ ಪ್ಯಾಕೇಜ್‌ನಲ್ಲಿ ಆಸ್ಪತ್ರೆ, ಬಂದರು ಮೊದಲಾದ ಪರಿಚಿತ ಬಾಬತ್ತುಗಳ ನಡುವೆ ಅಪರಿಚಿತವಾದ ಒಂದು ಸಾಲೂ ಇತ್ತು. ಚಾಗೋಸ್ ಸಾಗರ ರಕ್ಷಿತ ಪ್ರದೇಶದ ಅಭಿವೃದ್ಧಿ ಮತ್ತು ಕಣ್ಗಾವಲಿಗೆ ಭಾರತ ನೆರವಾಗಲಿದೆ ಎಂಬುದೇ ಆ ಸಾಲು. ಇದರೊಂದಿಗೆ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಹಾಗೂ ಮಾರಿಷಸ್ ಸಾಗರ ವಿಜ್ಞಾನ ಸಂಸ್ಥೆಯ ನಡುವೆ ಸಹಕಾರ ಒಪ್ಪಂದವೂ ಏರ್ಪಟ್ಟಿತು.

ಮುಂದೊಂದು ದಿನ ಭಾರತದ ಸಂಶೋಧಕರು ಚಾಗೋಸ್‌ನ ಹವಳ ದಿಬ್ಬಗಳತ್ತ ಯಾನ ಹೊರಡುವ ಸಾಧ್ಯತೆಗೆ ಇದು ದಾರಿ ತೆರೆದಿದೆ. ಆದರೆ ಆ ಕಡಲಿಗೆ ಇಳಿಯುವ ಯಾವ ವಿಜ್ಞಾನಿಯೂ ಅಲ್ಲಿನ ಇತಿಹಾಸವನ್ನು ದಡದಲ್ಲೇ ಬಿಟ್ಟು ಹೋಗಲಾರ. ಐದು ದಶಕಗಳಿಂದ ಸಂಶೋಧನಾ ಹಡಗುಗಳು ಬಂದುಹೋಗುತ್ತಿರುವ ಈ ದ್ವೀಪಗಳಿಗೆ ಅಲ್ಲಿಯೇ ಹುಟ್ಟಿದವರು ಮಾತ್ರ ಸ್ವತಂತ್ರವಾಗಿ ಮರಳಲಾಗಿಲ್ಲ. ಸಂರಕ್ಷಣೆ ಯಾರಿಗಾಗಿ, ಅನುಮತಿ ಕೊಡುವ ಅಧಿಕಾರ ಯಾರದು ಎಂಬ ಪ್ರಶ್ನೆಗಳು ಇಲ್ಲಿ ವಿಜ್ಞಾನದಿಂದ ಬೇರೆಯಲ್ಲ.

ಕರ್ನಾಟಕದ ಮೂರು ಪಟ್ಟು

ಚಾಗೋಸ್ ದ್ವೀಪ ಸಮೂಹ ಹಿಂದೂ ಮಹಾಸಾಗರದ ನಟ್ಟನಡುವೆ ಇದೆ. ಮಾಲ್ದೀವ್ಸ್‌ನಿಂದ ದಕ್ಷಿಣಕ್ಕೆ ಸುಮಾರು 500 ಕಿ.ಮೀ. ದೂರ. ಇಲ್ಲಿನ ಅತಿ ದೊಡ್ಡ ದ್ವೀಪವಾದ ಡಿಯೆಗೊ ಗಾರ್ಸಿಯಾ ಕನ್ಯಾಕುಮಾರಿಯಿಂದ ಸುಮಾರು 1,800 ಕಿ.ಮೀ. ದೂರದಲ್ಲಿದೆ, ಮಾರಿಷಸ್‌ನಿಂದ ಅದಕ್ಕಿರುವ ಅಂತರ 2,000 ಕಿ.ಮೀ.ಗೂ ಹೆಚ್ಚು. ಐವತ್ತಕ್ಕೂ ಹೆಚ್ಚು ಪುಟ್ಟ ದ್ವೀಪಗಳಿದ್ದರೂ ಒಟ್ಟು ನೆಲ ಸುಮಾರು 60 ಚದರ ಕಿ.ಮೀ. ಮಾತ್ರ. ಆದರೆ ಅದರ ಸುತ್ತಲಿನ ರಕ್ಷಿತ ಸಾಗರದ ವಿಸ್ತೀರ್ಣ ಸುಮಾರು 6,40,000 ಚದರ ಕಿ.ಮೀ. ಅಂದರೆ ಇಡೀ ಕರ್ನಾಟಕದ ಮೂರು ಪಟ್ಟಿಗೂ ಅಧಿಕ.

ಕನ್ನಡ ನಾಡಿಗೂ ಈ ದ್ವೀಪಗಳಿಗೂ ಭೂಗರ್ಭದ ನಂಟೊಂದಿದೆ. ವಿಜಯಪುರ, ಕಲಬುರಗಿ, ಬೀದರ್ ಜಿಲ್ಲೆಗಳ ನೆಲದಡಿ ಇರುವ ಕಪ್ಪು ಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಒಡಲಿನಿಂದ ಉಕ್ಕಿ ಹರಿದ ಲಾವಾದಿಂದಾದುದು. ಆ ಲಾವಾ ಹೊಮ್ಮಿದ ಬಿಸಿ ತಾಣದ ಮೇಲೆ ಭಾರತದ ಭೂಫಲಕ ಉತ್ತರಕ್ಕೆ ಸರಿಯುತ್ತ ಹೋದಂತೆ ಸಾಗರದ ತಳದಲ್ಲಿ ಬೆಟ್ಟಗಳ ಸಾಲೊಂದು ಮೂಡಿತು. ಲಕ್ಷದ್ವೀಪ, ಮಾಲ್ದೀವ್ಸ್ ಮತ್ತು ಚಾಗೋಸ್ ಇದೇ ಸಾಲಿನ ಮೇಲೆ ಹವಳಗಳು ಕಟ್ಟಿದ ನಾಡುಗಳು. ಇವುಗಳಲ್ಲಿ ಗ್ರೇಟ್ ಚಾಗೋಸ್ ಬ್ಯಾಂಕ್ ಎಂಬ ಬಹುಪಾಲು ಮುಳುಗಿದ ಉಂಗುರಾಕಾರದ ಹವಳ ದಿಬ್ಬವು ಜಗತ್ತಿನಲ್ಲೇ ಅತಿ ದೊಡ್ಡದು ಎಂದು ಪರಿಗಣಿತವಾಗಿದೆ.

ಹಡಗುಗಳು ತಂದ ಜ್ಞಾನ

ಚಾಗೋಸ್‌ನ ವೈಜ್ಞಾನಿಕ ಯಾನಗಳ ಇತಿಹಾಸ 1970ರ ದಶಕದಷ್ಟು ಹಳೆಯದು. ಆ ದಶಕದಲ್ಲಿ ಬ್ರಿಟನ್‌ನ ಸೇನಾಪಡೆಗಳು ಏರ್ಪಡಿಸಿದ ಯಾನಗಳಲ್ಲಿ ಜೀವವಿಜ್ಞಾನಿಗಳೂ ಇದ್ದರು. ಅಲ್ಲಿಂದೀಚೆಗೆ ಚಾರ್ಲ್ಸ್ ಶೆಪರ್ಡ್ ಮೊದಲಾದ ಸಂಶೋಧಕರು ಅವವೇ ದಿಬ್ಬಗಳಿಗೆ ಮತ್ತೆ ಮತ್ತೆ ಮರಳಿ ಅಳತೆ ಮಾಡಿದ್ದಾರೆ. 2010ರ ನಂತರ ಯಾನಗಳು ಹೆಚ್ಚಿದವು. 2017ರಿಂದ ಬರ್ಟರೆಲ್ಲಿ ಪ್ರತಿಷ್ಠಾನದ ಸಾಗರ ವಿಜ್ಞಾನ ಕಾರ್ಯಕ್ರಮದ ಹಣದ ಬಲವೂ ಸೇರಿತು. ಒಂದೇ ಸ್ಥಳದ ಹವಳವನ್ನು ಇಷ್ಟು ದೀರ್ಘಕಾಲ ಗಮನಿಸಿರುವ ದಾಖಲೆ ಹಿಂದೂ ಮಹಾಸಾಗರದಲ್ಲಿ ವಿರಳ. ಈ ಯಾನಗಳ ಮೌಲ್ಯ ಇರುವುದು ಇಲ್ಲಿಯೇ.

ಮೀನುಗಾರಿಕೆ, ಪಟ್ಟಣಗಳ ಕೊಳಚೆ, ಪ್ರವಾಸಿಗರ ದಟ್ಟಣೆ ಇವೆಲ್ಲ ಇರುವೆಡೆ ಹವಳ ಸತ್ತರೆ ಕಾರಣ ಯಾವುದೆಂದು ಹೇಳುವುದು ಕಷ್ಟ. ಚಾಗೋಸ್‌ನ ಬಹುತೇಕ ದ್ವೀಪಗಳಲ್ಲಿ ಇವ್ಯಾವುವೂ ಇಲ್ಲ. ಹಾಗಿದ್ದರೂ 1998ರಲ್ಲಿ ಸಾಗರ ಕಾದಾಗ ಇಲ್ಲಿನ ಹವಳ ಭಾರಿ ಪ್ರಮಾಣದಲ್ಲಿ ಸತ್ತಿತು. ನಂತರದ ವರ್ಷಗಳಲ್ಲಿ ಅದು ಗಣನೀಯವಾಗಿ ಚೇತರಿಸಿಕೊಂಡಿತು. ಸ್ಥಳೀಯ ಒತ್ತಡ ಕಡಿಮೆಯಿದ್ದರೆ ಹವಳ ತಾನಾಗಿಯೇ ಚಿಗುರಬಲ್ಲದು ಎಂಬ ವಾದಕ್ಕೆ ಚಾಗೋಸ್ ಸಾಕ್ಷಿಯಾಯಿತು.

ಆದರೆ ಎರಡನೆಯ ಪೆಟ್ಟು ಬೇಗನೆ ಬಿತ್ತು. 2015 ಮತ್ತು 2016ರಲ್ಲಿ ಸತತ ಎರಡು ವರ್ಷ ನೀರು ಕಾಯಿತು. 2012ರಲ್ಲಿ ದಿಬ್ಬಗಳ ಶೇ 30ರಷ್ಟು ಭಾಗವನ್ನು ಆವರಿಸಿದ್ದ ಜೀವಂತ ಹವಳ 2016ರ ಏಪ್ರಿಲ್ ವೇಳೆಗೆ ಶೇ 12ಕ್ಕೆ ಇಳಿದಿತ್ತು ಎಂದು ಸಮೀಕ್ಷೆ ದಾಖಲಿಸಿತು. ಮೀನುಗಾರಿಕೆ ನಿಷೇಧ ಹವಳದ ಚೇತರಿಕೆಗೆ ನೆರವಾಗಬಹುದು. ಆದರೆ ಬಿಸಿ ನೀರಿಗೆ ಬೇಲಿ ಹಾಕಲಾಗದು ಎಂಬುದು ಇದರಿಂದ ಸ್ಪಷ್ಟವಾಯಿತು.

ಮೂರನೆಯ ಪಾಠ ಆಳದಿಂದ ಬಂತು. 2019ರ ನವೆಂಬರ್‌ನಲ್ಲಿ ಬ್ರಿಟನ್‌ನ ಪ್ಲಿಮತ್ ವಿಶ್ವವಿದ್ಯಾಲಯದ ತಂಡ ಎಗ್ಮಾಂಟ್ ದ್ವೀಪಗಳ ಬಳಿ ರೋಬೊ ಕ್ಯಾಮೆರಾ ಇಳಿಸಿದಾಗ 90 ಮೀಟರ್ ಆಳದಲ್ಲೂ ಹವಳ ಬಿಳಿಚಿಕೊಂಡಿರುವುದು ಕಂಡುಬಂತು. ಆಳದ ನೀರು ಸದಾ ತಂಪಾಗಿರುತ್ತದೆ, ಮೇಲ್ಪದರದ ಹವಳ ಸತ್ತರೂ ಕೆಳಗಿನದು ಉಳಿಯುತ್ತದೆ ಎಂಬ ಭರವಸೆಗೆ ಇದು ಧಕ್ಕೆ ತಂದಿತು. ಆ ವರ್ಷ ಹಿಂದೂ ಮಹಾಸಾಗರದ ದ್ವಿಧ್ರುವ ಎಂಬ ವಿದ್ಯಮಾನ ಅಸಾಧಾರಣವಾಗಿ ಪ್ರಬಲವಾಗಿತ್ತು. ಸಾಗರದ ಪಶ್ಚಿಮ ಮತ್ತು ಪೂರ್ವ ಭಾಗಗಳ ನೀರಿನ ಉಷ್ಣತೆಯಲ್ಲಿ ಉಂಟಾಗುವ ಈ ಏರುಪೇರು ಬೆಚ್ಚನೆಯ ಪದರವನ್ನು ಆಳಕ್ಕೆ ಒತ್ತಿತ್ತು. ಕರ್ನಾಟಕದ ಮುಂಗಾರಿನ ಮುನ್ಸೂಚನೆ ನೀಡುವಾಗ ಹವಾಮಾನ ತಜ್ಞರು ಲೆಕ್ಕಕ್ಕೆ ತೆಗೆದುಕೊಳ್ಳುವ ದ್ವಿಧ್ರುವವೂ ಇದೇ.

ಗಮನಿಸಬೇಕಾದ ಅಂಶವೆಂದರೆ, ಆಗ ನೀರಿನ ಮೇಲ್ಮೈಯ ಉಷ್ಣತೆಯಲ್ಲಿ ಹೇಳಿಕೊಳ್ಳುವಂತಹ ಬದಲಾವಣೆ ಆಗಿರಲಿಲ್ಲ. ಉಪಗ್ರಹದ ಕಣ್ಣಿಗೆ ಎಲ್ಲವೂ ಕ್ಷೇಮವಾಗಿತ್ತು. ಹಡಗಿನಲ್ಲಿ ಹೋಗಿ ನೀರಿಗೆ ಕ್ಯಾಮೆರಾ ಇಳಿಸದಿದ್ದರೆ ಈ ಹಾನಿ ಯಾರ ಗಮನಕ್ಕೂ ಬರುತ್ತಿರಲಿಲ್ಲ. 2023ರಲ್ಲಿ ಪ್ರಕಟವಾದ ಈ ಅಧ್ಯಯನವು ಪಾಲ್ಗೊಂಡವರ ಸಂಖ್ಯೆ ಚಿಕ್ಕದಾದರೂ ಇಂತಹ ಯಾನಗಳು ಎಷ್ಟು ಅಗತ್ಯ ಎಂಬುದಕ್ಕೆ ಉತ್ತಮ ನಿದರ್ಶನ.

ಇಲಿಗಳು ಹೇಳಿದ ಸತ್ಯ

ಚಾಗೋಸ್‌ನಿಂದ ಬಂದ ಅಧ್ಯಯನಗಳಲ್ಲಿ ಹೆಚ್ಚು ಹೆಸರಾದುದು ಹವಳಕ್ಕಿಂತಲೂ ಇಲಿಗಳಿಗೆ ಸಂಬಂಧಿಸಿದ್ದು. 2018ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ನಿಕ್ ಗ್ರಹಾಂ ಮುನ್ನಡೆಸಿದ್ದರು. ಇಲಿಗಳಿರುವ ಆರು ದ್ವೀಪಗಳನ್ನೂ ಇಲಿಗಳಿಲ್ಲದ ಆರು ದ್ವೀಪಗಳನ್ನೂ ತಂಡ ಹೋಲಿಸಿತು.

ಇಲಿಗಳಿಲ್ಲದ ದ್ವೀಪಗಳಲ್ಲಿ ಕಡಲ ಹಕ್ಕಿಗಳ ದಟ್ಟಣೆ 760 ಪಟ್ಟು ಹೆಚ್ಚಿತ್ತು. ಹಕ್ಕಿಗಳು ದೂರದ ಕಡಲಲ್ಲಿ ಮೀನು ತಿಂದು ದ್ವೀಪಕ್ಕೆ ಬಂದು ಹಿಕ್ಕೆ ಹಾಕುತ್ತವೆ. ಅದರಲ್ಲಿನ ಸಾರಜನಕ ಮಳೆ ನೀರಿನೊಂದಿಗೆ ಹರಿದು ಕಡಲು ಸೇರಿ, ದಿಬ್ಬದ ಪಾಚಿಗೂ ಮೀನಿಗೂ ಆಹಾರವಾಗುತ್ತದೆ. ಇಲಿಗಳಿಲ್ಲದ ದ್ವೀಪಗಳ ಸುತ್ತಲಿನ ದಿಬ್ಬಗಳಲ್ಲಿ ಮೀನಿನ ಒಟ್ಟು ತೂಕ ಶೇ 48ರಷ್ಟು ಅಧಿಕವಾಗಿತ್ತು. ಇಲಿಗಳಿರುವ ದ್ವೀಪಗಳಲ್ಲಿ ಅವು ಮೊಟ್ಟೆ, ಮರಿಗಳನ್ನು ತಿಂದು ಈ ಸರಪಳಿಯನ್ನೇ ಕಡಿದಿದ್ದವು.

ಆ ಇಲಿಗಳು ಬಂದುದು ಹೇಗೆ? 18 ಮತ್ತು 19ನೇ ಶತಮಾನಗಳಲ್ಲಿ ವಸಾಹತುಗಾರರ ಹಡಗುಗಳ ಜತೆ. ಇದೇ ಹಡಗುಗಳು ತೆಂಗಿನ ತೋಟಗಳಲ್ಲಿ ದುಡಿಸಲು ಆಫ್ರಿಕಾ ಮತ್ತು ಮಡಗಾಸ್ಕರ್ ಮೂಲದ ಜನರನ್ನು ಗುಲಾಮರಾಗಿ ತಂದವು. ಮುಂದೆ ಭಾರತದಿಂದಲೂ ಕೂಲಿಯಾಳುಗಳು ಬಂದರು. ಗುಲಾಮಗಿರಿ ಕೊನೆಗೊಂಡ ಮೇಲೂ ಕೊಬ್ಬರಿ ತಯಾರಿಸುತ್ತ ಅಲ್ಲಿಯೇ ನೆಲೆ ನಿಂತ ಇವರ ಸಂತತಿಯವರೇ ಚಾಗೋಸಿಯರು. ಅವರಿಗೆ ತಮ್ಮದೇ ಕ್ರಿಯೋಲ್ ಭಾಷೆ, ಇಗರ್ಜಿ, ಸ್ಮಶಾನ, ಸಂಸಾರಗಳಿದ್ದವು.

ಖಾಲಿ ಮಾಡಿಸಿದ ದ್ವೀಪ

ಹಾಗಾದರೆ ವಿಜ್ಞಾನಿಗಳಿಗೆ ಅಷ್ಟು ಉಪಯುಕ್ತವಾಗಿರುವ ಈ ನಿರ್ಜನತೆ ಎಲ್ಲಿಂದ ಬಂತು? ಅದು ಪ್ರಕೃತಿಯ ಕೊಡುಗೆಯಲ್ಲ. 1965ರಲ್ಲಿ, ಮಾರಿಷಸ್ ಸ್ವತಂತ್ರವಾಗುವ ಮುನ್ನ, ಬ್ರಿಟನ್ ಈ ದ್ವೀಪಗಳನ್ನು ಅದರಿಂದ ಬೇರ್ಪಡಿಸಿ 'ಬ್ರಿಟಿಷ್ ಹಿಂದೂ ಮಹಾಸಾಗರ ಪ್ರಾಂತ್ಯ' ಎಂಬ ಹೊಸ ವಸಾಹತನ್ನು ರಚಿಸಿತು. ಅದಕ್ಕಾಗಿ ಮಾರಿಷಸ್‌ಗೆ ನೀಡಿದ್ದು 30 ಲಕ್ಷ ಪೌಂಡ್. ಡಿಯೆಗೊ ಗಾರ್ಸಿಯಾವನ್ನು ಸೇನಾ ನೆಲೆಗಾಗಿ ಅಮೆರಿಕಕ್ಕೆ ಒದಗಿಸುವುದು ಇದರ ಉದ್ದೇಶವಾಗಿತ್ತು.

1968ರಿಂದ 1973ರ ಅವಧಿಯಲ್ಲಿ 1,500ರಿಂದ 2,000ದಷ್ಟು ನಿವಾಸಿಗಳನ್ನು ದ್ವೀಪಗಳಿಂದ ಹೊರಹಾಕಲಾಯಿತು. ಚಿಕಿತ್ಸೆಗೆಂದೋ ಬಂಧುಗಳನ್ನು ನೋಡಲೆಂದೋ ಮಾರಿಷಸ್‌ಗೆ ಹೋಗಿದ್ದವರಿಗೆ ಮರಳುವ ಹಡಗಿಲ್ಲ ಎಂದು ಹೇಳಲಾಯಿತು. ಉಳಿದವರನ್ನು ಹಡಗು ಹತ್ತಿಸಿ ಮಾರಿಷಸ್ ಮತ್ತು ಸೆಷೆಲ್ಸ್‌ಗೆ ಸಾಗಿಸಲಾಯಿತು. ಅವರ ಸಾಕುನಾಯಿಗಳನ್ನು ಹಿಡಿದು ಕೊಲ್ಲಲಾಯಿತು. ಈ ಒಕ್ಕಲೆಬ್ಬಿಸುವಿಕೆ ಮಾನವತೆಯ ವಿರುದ್ಧದ ಅಪರಾಧ ಎಂದು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2023ರ ತನ್ನ ವರದಿಯಲ್ಲಿ ಹೇಳಿದೆ.

ಮರಳುವ ಹಕ್ಕಿಗಾಗಿ ಚಾಗೋಸಿಯರು ನ್ಯಾಯಾಲಯದ ಮೆಟ್ಟಿಲೇರಿದರು. ಒಲಿವಿಯೆ ಬಾಂಕೂ ಅವರು ಹೂಡಿದ ದಾವೆಯಲ್ಲಿ 2000ದಲ್ಲಿ ಲಂಡನ್‌ನ ಹೈಕೋರ್ಟ್ ಅವರ ಪರವಾಗಿ ತೀರ್ಪು ನೀಡಿತು. 2004ರಲ್ಲಿ ರಾಣಿಯ ಆಜ್ಞೆಯ ಮೂಲಕ ಸರ್ಕಾರ ಆ ಹಕ್ಕನ್ನು ಕಿತ್ತುಕೊಂಡಿತು. 2008ರಲ್ಲಿ ಹೌಸ್ ಆಫ್ ಲಾರ್ಡ್ಸ್‌ನ ನ್ಯಾಯಮೂರ್ತಿಗಳು 3–2ರ ಬಹುಮತದಿಂದ ಸರ್ಕಾರದ ಕ್ರಮವನ್ನೇ ಎತ್ತಿಹಿಡಿದರು.

ಸಂರಕ್ಷಣೆಯ ಮರೆಯಲ್ಲಿ?

2010ರ ಏಪ್ರಿಲ್ 1ರಂದು ಅಂದಿನ ಬ್ರಿಟಿಷ್ ವಿದೇಶಾಂಗ ಸಚಿವ ಡೇವಿಡ್ ಮಿಲಿಬ್ಯಾಂಡ್ ಚಾಗೋಸ್ ಸಾಗರ ರಕ್ಷಿತ ಪ್ರದೇಶವನ್ನು ಘೋಷಿಸಿದ್ದು ಈ ಹಿನ್ನೆಲೆಯಲ್ಲಿ. ಮೀನುಗಾರಿಕೆಗೆ ಸಂಪೂರ್ಣ ನಿಷೇಧವಿರುವ, ಅಂದಿನ ಜಗತ್ತಿನ ಅತಿ ದೊಡ್ಡ ಸಾಗರ ಮೀಸಲು ಅದಾಗಿತ್ತು. ಪರಿಸರ ಸಂಘಟನೆಗಳು ಹರ್ಷ ವ್ಯಕ್ತಪಡಿಸಿದವು. ಆದರೆ ಸೇನಾ ನೆಲೆಯಿರುವ ಡಿಯೆಗೊ ಗಾರ್ಸಿಯಾ ಮತ್ತು ಅದರ ಅಂಚಿನ ಸಮುದ್ರವನ್ನು ಮೀಸಲಿನಿಂದ ಹೊರಗಿಡಲಾಯಿತು. ಮರಳಿ ಬಂದು ಮೀನು ಹಿಡಿದು ಬದುಕಬಹುದೆಂಬ ಚಾಗೋಸಿಯರ ಆಸೆಗೆ ಕಲ್ಲು ಬಿದ್ದಿತು. ನೆಲೆಯ ಸಿಬ್ಬಂದಿ ಗಾಳ ಹಾಕಿ ಮೀನು ಹಿಡಿಯಲು ಅಡ್ಡಿ ಬರಲಿಲ್ಲ.

ಅದೇ ವರ್ಷದ ಡಿಸೆಂಬರ್‌ನಲ್ಲಿ ವಿಕಿಲೀಕ್ಸ್ ಮೂಲಕ ಬೆಳಕಿಗೆ ಬಂದ ಅಮೆರಿಕದ ರಾಜತಾಂತ್ರಿಕ ತಂತಿ ವಿವಾದಕ್ಕೆ ತುಪ್ಪ ಸುರಿಯಿತು. ಸಾಗರ ಮೀಸಲು ರಚನೆಯಾದರೆ ಮಾಜಿ ನಿವಾಸಿಗಳ ಪುನರ್ವಸತಿ ಬೇಡಿಕೆ ಕೊನೆಗೊಂಡಂತೆಯೇ ಎಂಬ ಅರ್ಥದಲ್ಲಿ ಬ್ರಿಟಿಷ್ ಅಧಿಕಾರಿಯೊಬ್ಬರು 2009ರಲ್ಲಿ ಮಾತನಾಡಿದ್ದಾರೆಂದು ಅದರಲ್ಲಿ ದಾಖಲಾಗಿತ್ತು. ಈ ತಂತಿಯನ್ನು ಸಾಕ್ಷ್ಯವಾಗಿ ಪರಿಗಣಿಸಬಹುದಿತ್ತು ಎಂದು 2018ರಲ್ಲಿ ಬ್ರಿಟನ್‌ನ ಸುಪ್ರೀಂ ಕೋರ್ಟ್ ಒಪ್ಪಿತಾದರೂ, ಅದರಿಂದ ಫಲಿತಾಂಶ ಬದಲಾಗುತ್ತಿರಲಿಲ್ಲ ಎಂದು ಹೇಳಿ ಮೇಲ್ಮನವಿಯನ್ನು ವಜಾ ಮಾಡಿತು.

ಅಂತರರಾಷ್ಟ್ರೀಯ ವೇದಿಕೆಗಳಲ್ಲಿ ಮಾತ್ರ ಬ್ರಿಟನ್‌ಗೆ ಹಿನ್ನಡೆಯಾಯಿತು. ಮಾರಿಷಸ್‌ನ ಹಕ್ಕುಗಳಿಗೆ ಗಮನ ಕೊಡದೆ ಮೀಸಲು ಘೋಷಿಸಿದ್ದು ಸಾಗರ ಕಾನೂನಿಗೆ ವಿರುದ್ಧ ಎಂದು 2015ರ ಮಾರ್ಚ್‌ನಲ್ಲಿ ಪಂಚಾಯ್ತಿ ನ್ಯಾಯಮಂಡಳಿ ತೀರ್ಪಿತ್ತಿತು. ಬ್ರಿಟನ್ ಆದಷ್ಟು ಬೇಗ ತನ್ನ ಆಡಳಿತವನ್ನು ಕೊನೆಗೊಳಿಸಬೇಕೆಂದು 2019ರ ಫೆಬ್ರುವರಿಯಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಸಲಹಾತ್ಮಕ ಅಭಿಪ್ರಾಯ ನೀಡಿತು. ಅದೇ ವರ್ಷದ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ಮಹಾಸಭೆ 116–6 ಮತಗಳಿಂದ ಅದನ್ನು ಅನುಮೋದಿಸಿತು. ಭಾರತ ಮಾರಿಷಸ್ ಪರ ಮತ ಹಾಕಿತು.

ಇಷ್ಟಾದರೂ ಸಂರಕ್ಷಣೆಯೇ ಒಂದು ನಾಟಕ ಎಂದು ತೀರ್ಮಾನಿಸುವುದು ಅವಸರವಾದೀತು. ಹಕ್ಕಿ, ಹವಳ, ಮೀನುಗಳ ಕುರಿತ ಅಂಕಿಅಂಶಗಳು ಸುಳ್ಳಲ್ಲ. ನಿಷೇಧದ ಬಳಿಕ ಪರವಾನಗಿ ಪಡೆದ ಟ್ಯೂನಾ ಹಡಗುಗಳು ನಿಂತವು. ಶ್ರೀಲಂಕಾದಿಂದ, ಒಮ್ಮೊಮ್ಮೆ ಭಾರತದಿಂದ ಬರುವ ದೋಣಿಗಳು ನಡೆಸುವ ಅಕ್ರಮ ಶಾರ್ಕ್ ಬೇಟೆಯ ಹಾವಳಿ ಮಾತ್ರ ನಿಂತಿಲ್ಲ. ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಯ ತೂತ್ತೂರು ಕಡೆಯ ಆಳಸಮುದ್ರ ಮೀನುಗಾರರು ಅಲ್ಲಿ ಸಿಕ್ಕಿಬಿದ್ದು ದಂಡ ತೆತ್ತ ಪ್ರಸಂಗಗಳಿವೆ.

ಅಂದರೆ ಈ ಕಡಲಿಗೆ ಇರುವ ಮುಖ್ಯ ಅಪಾಯಗಳು ಮೂರು: ಬಿಸಿಯಾಗುತ್ತಿರುವ ನೀರು, ದೂರದಿಂದ ಬರುವ ಅಕ್ರಮ ದೋಣಿಗಳು, ವಸಾಹತು ಕಾಲ ಬಿಟ್ಟುಹೋದ ಇಲಿಗಳು. ಇವುಗಳಲ್ಲಿ ಯಾವುದಕ್ಕೂ ಚಾಗೋಸಿಯರು ಹೊಣೆಯಲ್ಲ. ಅವರು ಮರಳಿದರೆ ಹವಳ ನಾಶವಾಗುತ್ತದೆ ಎಂದು ಯಾವ ಯಾನದ ಅಂಕಿಅಂಶವೂ ಸಾಬೀತು ಮಾಡಿಲ್ಲ. ಬ್ರಿಟಿಷ್ ಸರ್ಕಾರವೇ ನೇಮಿಸಿದ್ದ ಕೆಪಿಎಂಜಿ ಸಂಸ್ಥೆ ಪುನರ್ವಸತಿ ಅಸಾಧ್ಯವೇನಲ್ಲ ಎಂದು 2015ರಲ್ಲಿ ವರದಿ ನೀಡಿತ್ತು. 2016ರ ನವೆಂಬರ್‌ನಲ್ಲಿ ಸರ್ಕಾರ ಅದಕ್ಕೆ ಒಪ್ಪಲಿಲ್ಲ. ರಕ್ಷಣೆ, ಭದ್ರತೆ ಮತ್ತು ವೆಚ್ಚದ ಕಾರಣ ನೀಡಿತು.

ಧ್ವಜವನ್ನೂ ಒಯ್ದ ಸರ್ವೆ

ಸಂಶೋಧನಾ ಯಾನ ಎಂಬ ಪದಕ್ಕೆ ಎಷ್ಟು ಅರ್ಥಗಳಿರಬಹುದು ಎಂಬುದು 2022ರ ಫೆಬ್ರುವರಿಯಲ್ಲಿ ಜಗತ್ತಿಗೆ ಅರಿವಾಯಿತು. ಮಾರಿಷಸ್ ಸರ್ಕಾರ ಬಾಡಿಗೆಗೆ ಪಡೆದ 'ಬ್ಲೂ ದ ನೀಮ್' ಎಂಬ ಹಡಗು ಸೆಷೆಲ್ಸ್‌ನಿಂದ ಹೊರಟಿತು. ಬ್ಲೆನಿಮ್ ಎಂಬ ದಿಬ್ಬದ ವೈಜ್ಞಾನಿಕ ಸರ್ವೆ ಅದರ ಘೋಷಿತ ಉದ್ದೇಶ. ಮಾಲ್ದೀವ್ಸ್ ಜತೆಗಿನ ಸಾಗರ ಗಡಿ ವ್ಯಾಜ್ಯದಲ್ಲಿ ಭರತ, ಇಳಿತದ ವೇಳೆ ಆ ದಿಬ್ಬದ ಸ್ಥಿತಿ ಹೇಗಿರುತ್ತದೆ ಎಂಬ ಮಾಹಿತಿ ಮಾರಿಷಸ್‌ಗೆ ಬೇಕಿತ್ತು.

ಹಡಗಿನಲ್ಲಿ ಸರ್ವೆ ತಜ್ಞರಷ್ಟೇ ಇರಲಿಲ್ಲ. ವಿಶ್ವಸಂಸ್ಥೆಯಲ್ಲಿನ ಮಾರಿಷಸ್ ರಾಯಭಾರಿ, ಅದರ ವಕೀಲ ಫಿಲಿಪ್ ಸ್ಯಾಂಡ್ಸ್ ಹಾಗೂ ಒಲಿವಿಯೆ ಬಾಂಕೂ ಸೇರಿದಂತೆ ಐವರು ಚಾಗೋಸಿಯರಿದ್ದರು. ಪೆರೋಸ್ ಬಾನ್ಯೋಸ್ ದ್ವೀಪಗಳಲ್ಲಿ ಇಳಿದ ತಂಡ ಫೆಬ್ರುವರಿ 14ರಂದು ಮಾರಿಷಸ್ ಧ್ವಜ ಹಾರಿಸಿತು. ಅದುವರೆಗೆ ಬ್ರಿಟನ್ ಏರ್ಪಡಿಸಿದ ಪ್ರವಾಸಗಳಲ್ಲಿ ಕಾವಲಿನವರೊಂದಿಗೆ ಕೆಲ ಹೊತ್ತು ಹೋಗಿಬರಲು ಮಾತ್ರ ಅವಕಾಶ ಪಡೆದಿದ್ದ ಚಾಗೋಸಿಯರು ಬ್ರಿಟಿಷ್ ಕಾವಲಿಲ್ಲದೆ ತಮ್ಮ ನೆಲ ಮುಟ್ಟಿದ್ದು ಅದೇ ಮೊದಲು.

ರಾಜಕೀಯಕ್ಕೆ ವಿಜ್ಞಾನವನ್ನು ಬಳಸಿಕೊಳ್ಳಲಾಯಿತು ಎಂದು ಇದನ್ನು ಟೀಕಿಸಬಹುದು. ಹಾಗೆ ಟೀಕಿಸುವವರು, ಅದಕ್ಕೂ ಮುಂಚಿನ ನಾಲ್ಕೂವರೆ ದಶಕಗಳ ಯಾನಗಳೂ ಬ್ರಿಟಿಷ್ ಆಡಳಿತದ ಅನುಮತಿ ಪತ್ರದೊಂದಿಗೇ ನಡೆದವು ಎಂಬುದನ್ನು ಮರೆಯಬಾರದು. ವಿವಾದಿತ ಕಡಲಿನಲ್ಲಿ ಅನುಮತಿ ಕೊಡುವುದೂ ಪಡೆಯುವುದೂ ಒಡೆತನವನ್ನು ಒಪ್ಪಿಕೊಂಡಂತೆಯೇ. ಒಂದು ಧ್ವಜ ಕಣ್ಣಿಗೆ ಕಂಡಿತು, ಇನ್ನೊಂದು ಕಾಣಲಿಲ್ಲ, ವ್ಯತ್ಯಾಸ ಅಷ್ಟೆ.

ಮುಂದೇನು?

2025ರ ಮೇ 22ರಂದು ಬ್ರಿಟನ್ ಮತ್ತು ಮಾರಿಷಸ್ ಒಪ್ಪಂದಕ್ಕೆ ಸಹಿ ಹಾಕಿದವು. ಸಾರ್ವಭೌಮತ್ವ ಮಾರಿಷಸ್‌ಗೆ, ಡಿಯೆಗೊ ಗಾರ್ಸಿಯಾ ನೆಲೆ 99 ವರ್ಷಗಳ ಅವಧಿಗೆ ಬ್ರಿಟನ್ ವಶಕ್ಕೆ, ಅದಕ್ಕಾಗಿ ವರ್ಷಕ್ಕೆ ಸರಾಸರಿ 10.1 ಕೋಟಿ ಪೌಂಡ್ ಪಾವತಿ ಎಂಬುದು ಅದರ ತಿರುಳು. ಚಾಗೋಸಿಯರಿಗಾಗಿ 4 ಕೋಟಿ ಪೌಂಡ್‌ಗಳ ನಿಧಿಗೂ ಅದರಲ್ಲಿ ಅವಕಾಶವಿದೆ. ಸಾಗರ ರಕ್ಷಿತ ಪ್ರದೇಶವನ್ನು ಸ್ಥಾಪಿಸಿ ನಿರ್ವಹಿಸಲು ಮಾರಿಷಸ್‌ಗೆ ಬ್ರಿಟನ್ ನೆರವಾಗಬೇಕು. ಡಿಯೆಗೊ ಗಾರ್ಸಿಯಾ ಹೊರತುಪಡಿಸಿ ಉಳಿದ ದ್ವೀಪಗಳಲ್ಲಿ ಮಾರಿಷಸ್ ಪುನರ್ವಸತಿ ಕೈಗೊಳ್ಳಬಹುದು. ಒಪ್ಪಂದ ಜಾರಿಯಾಗಲು ಎರಡೂ ದೇಶಗಳ ಅನುಮೋದನೆ ಬೇಕು. ಬ್ರಿಟನ್‌ನ ವಿರೋಧ ಪಕ್ಷಗಳು ಇದನ್ನು ತೀವ್ರವಾಗಿ ಆಕ್ಷೇಪಿಸಿವೆ.

ಆಕ್ಷೇಪ ಸಂತ್ರಸ್ತರಿಂದಲೂ ಬಂದಿದೆ. ಬ್ರಿಟನ್‌ನಲ್ಲಿ ನೆಲೆಸಿರುವ ಅನೇಕ ಚಾಗೋಸಿಯರು ತಮ್ಮನ್ನು ಕೇಳದೆ ಒಪ್ಪಂದ ಮಾಡಿಕೊಳ್ಳಲಾಗಿದೆ ಎಂದು ದೂರಿದ್ದಾರೆ. ಸಹಿ ಬೀಳಬೇಕಿದ್ದ ದಿನವೇ ಇಬ್ಬರು ಚಾಗೋಸಿಯ ಮಹಿಳೆಯರ ಅರ್ಜಿಯ ಮೇರೆಗೆ ಲಂಡನ್ ನ್ಯಾಯಾಲಯ ಕೆಲವು ಗಂಟೆಗಳ ಕಾಲ ತಡೆಯಾಜ್ಞೆಯನ್ನೂ ನೀಡಿತ್ತು. 1965ರಲ್ಲಿ ಅವರನ್ನು ಯಾರೂ ಕೇಳಿರಲಿಲ್ಲ, 2010ರ ಮೀಸಲು ಘೋಷಣೆಯಲ್ಲೂ ಅವರ ಮಾತು ನಡೆಯಲಿಲ್ಲ. ಮೂರನೆಯ ಬಾರಿಯೂ ಅದೇ ಪುನರಾವರ್ತನೆಯಾಯಿತೆಂಬ ಅವರ ನೋವನ್ನು ತಳ್ಳಿಹಾಕಲಾಗದು.

ಇನ್ನೊಂದೆಡೆ, ವಿಜ್ಞಾನಿಗಳ ಆತಂಕವೂ ನಿರಾಧಾರವಲ್ಲ. ಇಷ್ಟು ವಿಶಾಲ ಸಾಗರವನ್ನು ಕಾಯುವ ಸಾಮರ್ಥ್ಯ ಮಾರಿಷಸ್‌ನಂತಹ ಪುಟ್ಟ ದೇಶಕ್ಕಿದೆಯೇ ಎಂಬ ಪ್ರಶ್ನೆ ಇದೆ. 2020ರ ಜುಲೈನಲ್ಲಿ 'ವಾಕಾಶಿಯೊ' ಹಡಗು ಮಾರಿಷಸ್‌ನ ಹವಳ ದಿಬ್ಬಕ್ಕೆ ಬಡಿದು ಸುಮಾರು 1,000 ಟನ್ ತೈಲ ಸೋರಿದಾಗ ಆ ದೇಶ ಹೊರಗಿನ ನೆರವು ಕೋರಬೇಕಾಯಿತು. ಆಡಳಿತ ಬದಲಾಗುವ ಸಂಧಿಕಾಲದಲ್ಲಿ ವಾರ್ಷಿಕ ಸಮೀಕ್ಷೆಗಳು ನಿಂತರೆ ದಶಕಗಳ ದಾಖಲೆಯ ಕೊಂಡಿಯೇ ಕಳಚುತ್ತದೆ. ಹವಳ ಬಿಳಿಚುವುದಕ್ಕೆ ರಾಜತಾಂತ್ರಿಕರ ವೇಳಾಪಟ್ಟಿ ಗೊತ್ತಿಲ್ಲ.

ಭಾರತಕ್ಕೆ ಹೊಣೆಯೂ ಅವಕಾಶವೂ ಇರುವುದು ಇಲ್ಲಿಯೇ. ಕಣ್ಗಾವಲು ಎಂದರೆ ರಾಡಾರ್ ಮತ್ತು ಗಸ್ತು ಹಡಗು ಎಂದಷ್ಟೇ ಭಾವಿಸಿದರೆ, ಡಿಯೆಗೊ ಗಾರ್ಸಿಯಾದ ನೆರೆಯಲ್ಲಿ ಇನ್ನೊಂದು ಶಕ್ತಿಯ ಹಾಜರಾತಿ ಹಾಕಿದಂತಾಗುತ್ತದೆಯೇ ಹೊರತು ಹವಳಕ್ಕಾಗಲಿ ಜನರಿಗಾಗಲಿ ಪ್ರಯೋಜನವಿಲ್ಲ. ಬದಲಿಗೆ ಬ್ರಿಟಿಷ್ ಸಂಶೋಧಕರ ಹಳೆಯ ಅಳತೆಗಳನ್ನು ಮುಂದುವರಿಸುವುದು, ಮಾರಿಷಸ್‌ನ ಯುವ ವಿಜ್ಞಾನಿಗಳಿಗೆ ತರಬೇತಿ ನೀಡುವುದು, ಲಕ್ಷದ್ವೀಪದ ಹವಳದ ಮಾಹಿತಿಯೊಂದಿಗೆ ಚಾಗೋಸ್‌ನ ಮಾಹಿತಿಯನ್ನು ಜೋಡಿಸುವುದು ಸಾಧ್ಯವಾದರೆ ಒಂದೇ ಸಾಗರ ಪರ್ವತ ಸಾಲಿನ ಎರಡು ತುದಿಗಳ ಚಿತ್ರ ಒಟ್ಟಿಗೆ ದೊರೆಯುತ್ತದೆ. ಭಾರತದ ಮೀನುಗಾರರೇ ಅಲ್ಲಿ ಸಿಕ್ಕಿಬೀಳುತ್ತಿರುವಾಗ ಕಾವಲಿನ ಕೆಲಸ ಸ್ವದೇಶದ ಬಂದರುಗಳಲ್ಲಿಯೂ ಆರಂಭವಾಗಬೇಕಾಗುತ್ತದೆ.

ಎಲ್ಲಕ್ಕಿಂತ ಮಿಗಿಲಾಗಿ, ಮುಂದಿನ ಯಾನಗಳಲ್ಲಿ ಚಾಗೋಸಿಯರಿಗೆ ಸ್ಥಾನ ಇರಬೇಕು. ಹಿಂದಿನ ಕೆಲವು ಯಾನಗಳಲ್ಲಿ ಬೆರಳೆಣಿಕೆಯ ಚಾಗೋಸಿಯರು ಪಾಲ್ಗೊಂಡದ್ದುಂಟು. ಅಪವಾದವಾಗಿದ್ದ ಅದು ನಿಯಮವಾಗಬೇಕು. ಇಲಿ ನಿರ್ಮೂಲನೆ, ದೇಸಿ ಮರಗಳ ನಾಟಿ, ಹಕ್ಕಿ ಗಣತಿ, ಅಕ್ರಮ ದೋಣಿಗಳ ಮೇಲೆ ನಿಗಾ ಇವೆಲ್ಲ ವರ್ಷವಿಡೀ ಅಲ್ಲಿ ವಾಸಿಸುವವರಿಂದ ಆಗುವ ಕೆಲಸಗಳೇ ವಿನಾ ಮೂರು ವಾರದ ಹಡಗಿನಿಂದ ಪೂರ್ಣವಾಗುವಂಥವಲ್ಲ. ದ್ವೀಪದಲ್ಲಿ ಜನರಿದ್ದರೆ ಕಡಲಿಗೆ ಕೇಡು ಎಂಬ ವಾದಕ್ಕೆ ಇದೇ ಉತ್ತರವಾಗಬಹುದು.

ಚಾಗೋಸ್‌ನ ಸಂಶೋಧನೆಗಳು ಕಲಿಸಿದ ಬಹುದೊಡ್ಡ ಪಾಠವೆಂದರೆ ಹಕ್ಕಿ, ನೆಲ, ಹವಳ, ಮೀನು ಒಂದೇ ಸರಪಳಿಯ ಕೊಂಡಿಗಳು ಎಂಬುದು. ಆ ಸರಪಳಿಯಿಂದ ಕಳಚಿ ಎಸೆದ ಒಂದು ಕೊಂಡಿ ಮಾರಿಷಸ್‌ನ ಕೊಳೆಗೇರಿಗಳಲ್ಲಿ, ಇಂಗ್ಲೆಂಡಿನ ಕ್ರಾಲಿ ಪಟ್ಟಣದಲ್ಲಿ ಇನ್ನೂ ಕಾಯುತ್ತಿದೆ. ದ್ವೀಪಗಳಲ್ಲಿ ಹುಟ್ಟಿದ ಪೀಳಿಗೆ ಕಣ್ಮರೆಯಾಗುವ ಮುನ್ನ ಅವರನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳದಿದ್ದರೆ, ಚಾಗೋಸ್‌ನ ಯಾವ ಸಮೀಕ್ಷೆಯೂ ಪೂರ್ಣವಾಯಿತೆಂದು ಹೇಳಲಾಗದು.